ಕಣ್ಗಾವಲು ಕಂಪ್ಯೂಟರ್‌ಗೆ ಯಾವ ಗ್ರಾಫಿಕ್ಸ್ ಕಾರ್ಡ್? ಗೇಮಿಂಗ್‌ದೋ, ವರ್ಕ್‌ಸ್ಟೇಷನ್‌ದೋ?

ಕಂಟ್ರೋಲ್ ರೂಮಿನ ಪರದೆಗಳಲ್ಲಿ ಕ್ಯಾಮೆರಾ ಚಿತ್ರಗಳು ತಡೆತಡೆದು ಓಡತೊಡಗಿದರೆ ಮೊದಲು ಕೇಳಿಬರುವ ಮಾತು: ‘ಇನ್ನೂ ದೊಡ್ಡ ಕಾರ್ಡ್ ಹಾಕಿಸಿ’. ಬಹಳ ಸಲ ಇದರಿಂದ ಏನೂ ಬದಲಾಗುವುದಿಲ್ಲ. ಗೇಮಿಂಗ್ ಕಾರ್ಡಿನ ಬೆಲೆ ಏರುವುದು ಆಟದ ದೃಶ್ಯ ಮೂಡಿಸುವ ಸಾವಿರಾರು ಕೋರ್‌ಗಳಿಂದ. ಕ್ಯಾಮೆರಾ ಎಚ್.264, ಎಚ್.265 ವಿಧಾನದಲ್ಲಿ ಕುಗ್ಗಿಸಿ ಕಳಿಸುವ ವಿಡಿಯೊವನ್ನು ಬಿಚ್ಚುವುದು ಆ ಕೋರ್‌ಗಳಲ್ಲ, ಚಿಪ್‌ನೊಳಗೆ ಪ್ರತ್ಯೇಕವಾಗಿರುವ ಡಿಕೋಡರ್. ಎನ್‌ವಿಡಿಯಾ ಆರ್‌ಟಿಎಕ್ಸ್ 3060ರಲ್ಲಿ ಇರುವುದು ಒಂದು ಡಿಕೋಡರ್. ಅದಕ್ಕಿಂತ ಎಷ್ಟೋ ದುಬಾರಿಯಾದ 3090ರಲ್ಲೂ ಒಂದೇ.

ಹಾಗಾಗಿ ಮೊದಲ ಹೆಜ್ಜೆ, ಲೆಕ್ಕ. ಒಂದೇ ಸಲಕ್ಕೆ ಪರದೆಯ ಮೇಲೆ ತೆರೆದಿರುವ ಕ್ಯಾಮೆರಾಗಳು ಎಷ್ಟು, ರೆಸಲ್ಯೂಷನ್ ಎಷ್ಟು, ಸೆಕೆಂಡಿಗೆ ಎಷ್ಟು ಫ್ರೇಮ್ ಎಂದು ಬರೆದುಕೊಳ್ಳಿ. 1080ಪಿ ಕ್ಯಾಮೆರಾ 32 ಇದ್ದು, ಪ್ರತಿಯೊಂದೂ ಸೆಕೆಂಡಿಗೆ 25 ಫ್ರೇಮ್ ಕಳಿಸಿದರೆ ಡಿಕೋಡರ್ ಸೆಕೆಂಡಿಗೆ 800 ಫ್ರೇಮ್ ಬಿಚ್ಚಬೇಕು. 4ಕೆ ಕ್ಯಾಮೆರಾ ಒಂದನ್ನು ನಾಲ್ಕೆಂದು ಎಣಿಸಿ. ಸಂಗ್ರಹದಲ್ಲಿರುವ ಒಟ್ಟು ಕ್ಯಾಮೆರಾ ಸಂಖ್ಯೆ ಇಲ್ಲಿ ಲೆಕ್ಕಕ್ಕಿಲ್ಲ: ರೆಕಾರ್ಡಿಂಗ್ ಸರ್ವರ್ ಸಾಮಾನ್ಯವಾಗಿ ಸ್ಟ್ರೀಮನ್ನು ಬಂದ ಹಾಗೆಯೇ ಡಿಸ್ಕಿಗೆ ಬರೆಯುತ್ತದೆ, ನೋಡುವವರ ಗ್ರಾಫಿಕ್ಸ್ ಕಾರ್ಡಿಗೂ ಅದಕ್ಕೂ ಸಂಬಂಧವಿಲ್ಲ.

ಕಾರ್ಡ್ ಕೊಳ್ಳುವ ಮೊದಲೇ ಈ ಹೊರೆಯನ್ನು ಇಳಿಸಬಹುದು. 1080ಪಿ ಮಾನಿಟರ್‌ನಲ್ಲಿ 16 ಚೌಕ ಮಾಡಿದರೆ ಒಂದೊಂದು ಚೌಕಕ್ಕೆ ಸಿಗುವುದು 480×270 ಪಿಕ್ಸೆಲ್ ಮಾತ್ರ. ಅಷ್ಟು ಚಿಕ್ಕ ಚೌಕಕ್ಕೆ ಪೂರ್ತಿ ಸ್ಟ್ರೀಮ್ ಬಿಚ್ಚುವುದು ದಂಡ. ಕ್ಯಾಮೆರಾದಲ್ಲಿ 640×360ರ ಸಬ್‌ಸ್ಟ್ರೀಮ್ (ಅದೇ ಚಿತ್ರದ ಚಿಕ್ಕ ಪ್ರತಿ) ಹೊಂದಿಸಿ, ಚೌಕವನ್ನು ದೊಡ್ಡದು ಮಾಡಿದಾಗಷ್ಟೇ ಮುಖ್ಯ ಸ್ಟ್ರೀಮ್ ಬರಲಿ.

ಎರಡನೆಯದು, ನಿಮ್ಮ ಕಣ್ಗಾವಲು ಸಾಫ್ಟ್‌ವೇರ್ ಯಾವ ಡಿಕೋಡರ್ ಬಳಸುತ್ತದೆ ಎಂಬುದು. ಕೆಲವು ಸಾಫ್ಟ್‌ವೇರ್ ಇಂಟೆಲ್ ಪ್ರೊಸೆಸರ್‌ನ ಒಳಗಿನ ಗ್ರಾಫಿಕ್ಸ್‌ನಲ್ಲಿರುವ ಕ್ವಿಕ್ ಸಿಂಕ್ ಮತ್ತು ಎನ್‌ವಿಡಿಯಾ ಡಿಕೋಡರ್‌ಗಳನ್ನಷ್ಟೇ ಬಳಸುತ್ತವೆ. ಒಂದೆರಡು ಮಾನಿಟರ್‌ನ ಚಿಕ್ಕ ವ್ಯವಸ್ಥೆಗೆ ಎಷ್ಟೋ ಸಲ ಕ್ವಿಕ್ ಸಿಂಕ್ ಒಂದೇ ಸಾಕು, ಕಾರ್ಡೇ ಬೇಡ. ಆದರೆ ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್ ಪ್ರೊಸೆಸರ್‌ನಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ, ಕ್ವಿಕ್ ಸಿಂಕ್ ಕೂಡ ಇಲ್ಲ. ಗೇಮಿಂಗ್ ಕಾರ್ಡಿನಲ್ಲಿ ಇಂತಿಷ್ಟೇ ಸ್ಟ್ರೀಮ್ ಎಂಬ ಮಿತಿ ಇದೆ ಎನ್ನುವವರೂ ಇದ್ದಾರೆ. ಎನ್‌ವಿಡಿಯಾ ಗೇಮಿಂಗ್ ಕಾರ್ಡುಗಳಿಗೆ ಆ ಮಿತಿ ಇರುವುದು ಎನ್‌ಕೋಡಿಂಗ್‌ಗೆ, ಅಂದರೆ ವಿಡಿಯೊ ಕುಗ್ಗಿಸುವುದಕ್ಕೆ, ಬಿಚ್ಚುವ ಕೆಲಸಕ್ಕಲ್ಲ.

ಮೂರನೆಯದು ಮಾನಿಟರ್. ವೃತ್ತಿಪರ ಕೆಲಸಕ್ಕೆಂದೇ ಮಾಡಿದ ವರ್ಕ್‌ಸ್ಟೇಷನ್ ಕಾರ್ಡಿಗೆ ಕೊಡುವ ಹೆಚ್ಚಿನ ಹಣ ಸಾರ್ಥಕವಾಗುವುದು ಇಲ್ಲೇ. ರಾತ್ರಿ ಪಾಳಿಯವರು ಡಿಸ್‌ಪ್ಲೇಪೋರ್ಟ್‌ನಲ್ಲಿರುವ ಒಂದು ಮಾನಿಟರ್ ಆಫ್ ಮಾಡುತ್ತಾರೆ ಎಂದುಕೊಳ್ಳಿ. ಕೇಬಲ್ ಕಿತ್ತರು ಎಂದೇ ವಿಂಡೋಸ್ ತಿಳಿಯುತ್ತದೆ. ಅದರ ಮೇಲಿದ್ದ ಕ್ಯಾಮೆರಾ ಕಿಟಕಿಗಳೆಲ್ಲ ಪಕ್ಕದ ಪರದೆಗೆ ಬಂದು ಒಂದರ ಮೇಲೊಂದು ಬೀಳುತ್ತವೆ. ಬೆಳಿಗ್ಗೆ ಮಾನಿಟರ್ ಹಚ್ಚಿದರೂ ಅವು ಹಳೆಯ ಜಾಗಕ್ಕೇ ಮರಳುತ್ತವೆಂಬ ಖಾತರಿ ಇಲ್ಲ. ಎನ್‌ವಿಡಿಯಾ ವರ್ಕ್‌ಸ್ಟೇಷನ್ ಕಾರ್ಡುಗಳ ಡ್ರೈವರ್‌ನಲ್ಲಿ ಮಾನಿಟರ್ ತನ್ನ ಗುರುತು ಹೇಳಲು ಕಳಿಸುವ ಇಡಿಐಡಿ ಮಾಹಿತಿಯನ್ನು ಫೈಲ್‌ನಲ್ಲಿ ಉಳಿಸಿ ಆ ಪೋರ್ಟಿಗೇ ಕಟ್ಟಿಹಾಕಬಹುದು. ಆಮೇಲೆ ಮಾನಿಟರ್ ಆರಿದರೂ ವಿಂಡೋಸ್‌ಗೆ ಗೊತ್ತಾಗದು. ಗೇಮಿಂಗ್ ಕಾರ್ಡ್ ಆದರೆ ಪ್ರತಿ ಕೇಬಲ್‌ಗೂ ಮಾನಿಟರ್ ಇನ್ನೂ ಇದೆ ಎಂದು ತೋರಿಸುವ ಒಂದು ಇಡಿಐಡಿ ಎಮ್ಯುಲೇಟರ್ ಸಿಕ್ಕಿಸಬೇಕು. ಹಲವು ಪರದೆಗಳನ್ನು ಒಂದೇ ದೊಡ್ಡ ಪರದೆಯಾಗಿ ಜೋಡಿಸುವ ಮೊಸಾಯಿಕ್ ಸೌಲಭ್ಯವೂ ವರ್ಕ್‌ಸ್ಟೇಷನ್ ಕಾರ್ಡುಗಳದ್ದೇ. ವಿಡಿಯೊ ಗೋಡೆ ಕಟ್ಟುವುದಿಲ್ಲ ಎಂದರೆ ಅದು ಬೇಡ.

ಮೆಮೊರಿಯ ತಪ್ಪು ತಿದ್ದುವ ಇಸಿಸಿಗಾಗಿ ಮಾತ್ರ ಹೆಚ್ಚು ಹಣ ಕೊಡಬೇಡಿ. ನೇರಪ್ರಸಾರ ನೋಡುವ ಪರದೆಯಲ್ಲಿ ಒಂದು ಬಿಟ್ ತಪ್ಪಿದರೆ ಬಹುತೇಕ ಕ್ಷಣಕಾಲ ಒಂದು ಚುಕ್ಕೆಯ ಬಣ್ಣ ಬದಲಾದೀತು, ಅಷ್ಟೆ.

ಇನ್ನು ವಿದ್ಯುತ್ತು, ಶಾಖ. ವರ್ಕ್‌ಸ್ಟೇಷನ್ ಸಾಲಿನ ಟಿ1000 ಕಾರ್ಡ್ 50 ವ್ಯಾಟ್‌ನದು. ಮದರ್‌ಬೋರ್ಡ್‌ನಲ್ಲಿ ಕಾರ್ಡ್ ಕೂರುವ ಸ್ಲಾಟಿನಿಂದಲೇ ವಿದ್ಯುತ್ ಪಡೆದು ನಾಲ್ಕು ಮಿನಿ ಡಿಸ್‌ಪ್ಲೇಪೋರ್ಟ್ ಕೊಡುತ್ತದೆ. ಆರ್‌ಟಿಎಕ್ಸ್ 3060 ಆದರೆ 170 ವ್ಯಾಟ್, ಪವರ್ ಸಪ್ಲೈಯಿಂದ ಬೇರೆ ಕೇಬಲ್ ಬೇಕು. ಗಾಳಿಯಾಡದ ಮೇಜಿನ ಕಪಾಟಿನಲ್ಲಿ ದಿನದ 24 ಗಂಟೆ ಓಡುವ ಯಂತ್ರಕ್ಕೆ ಈ ಅಂತರ ದೊಡ್ಡದು. ಮಿನಿ ಪೋರ್ಟಿನ ಕೇಬಲ್ ಸಾಮಾನ್ಯವಾಗಿ ಕೊಂಡಿ ಹಾಕಿ ನಿಲ್ಲುವುದಿಲ್ಲ, ಅಲುಗಿದರೆ ಸಡಿಲವಾಗುತ್ತದೆ, ಕಟ್ಟಿ ಬಿಗಿಗೊಳಿಸಿ.

ಸ್ಲಾಟನ್ನೂ ನೋಡಿ. ಬಿಚ್ಚಿದ 1080ಪಿ ಫ್ರೇಮ್ ಒಂದಕ್ಕೆ ಸುಮಾರು 3.1 ಎಂಬಿ. ಸಾಫ್ಟ್‌ವೇರ್ ಅದನ್ನು ಮತ್ತೆ ಕಂಪ್ಯೂಟರಿನ ಮೆಮೊರಿಗೆ ಎಳೆದುಕೊಳ್ಳುವಂಥದ್ದಾದರೆ 25 ಫ್ರೇಮ್‌ನ 64 ಕ್ಯಾಮೆರಾಗಳಿಂದ ಸೆಕೆಂಡಿಗೆ ಸುಮಾರು 5 ಜಿಬಿ ಆಗುತ್ತದೆ. ನೋಡಲು ಉದ್ದವಿದ್ದರೂ ಒಳಗೆ ನಾಲ್ಕೇ ಲೇನ್ (ದತ್ತಾಂಶ ಸಾಗುವ ದಾರಿ) ಇರುವ ಪಿಸಿಐ ಎಕ್ಸ್‌ಪ್ರೆಸ್ 3.0 ಸ್ಲಾಟಿನಲ್ಲಿ ಸೆಕೆಂಡಿಗೆ 4 ಜಿಬಿಯೂ ಹೋಗದು. ಕಾರ್ಡ್ ಎಷ್ಟೇ ದೊಡ್ಡದಿರಲಿ, ಚಿತ್ರ ಅಲ್ಲೇ ತಡೆಯುತ್ತದೆ.

ಮುಖ ಗುರುತಿಸುವಿಕೆ, ವಾಹನ ಎಣಿಕೆಯಂಥ ವಿಶ್ಲೇಷಣೆ ಅದೇ ಯಂತ್ರದಲ್ಲಿ ನಡೆಯಬೇಕಿದ್ದರೆ ಮಾತ್ರ ಕೋರ್‌ಗಳಿಗೂ ಮೆಮೊರಿಗೂ ಬೆಲೆ ಬರುತ್ತದೆ. ಆಗ ಕೊಟ್ಟ ಹಣಕ್ಕೆ ಗೇಮಿಂಗ್ ಕಾರ್ಡೇ ಲಾಭ. ವಾಣಿಜ್ಯ ಬಳಕೆಗೆ ವಾರಂಟಿ ಅನ್ವಯಿಸುತ್ತದೆಯೇ ಎಂದು ಮೊದಲೇ ಓದಿಕೊಳ್ಳಿ.

ಕೊನೆಯ ತೀರ್ಮಾನ ಪರೀಕ್ಷೆಯಿಂದಲೇ ಆಗಲಿ. ಅತಿ ಹೆಚ್ಚು ಕ್ಯಾಮೆರಾ ಇರುವ ನೋಟವನ್ನು ಅರ್ಧ ಗಂಟೆ ಓಡಿಸಿ, ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು (ಗ್ರಾಫಿಕ್ಸ್ ಚಿಪ್) ಪುಟದ ‘ವಿಡಿಯೊ ಡಿಕೋಡ್’ ಗೆರೆ ನೋಡಿ. ಅದು 100ರ ಹತ್ತಿರ ನಿಂತು ‘3ಡಿ’ ಕೆಳಗಿದ್ದರೆ ಡಿಕೋಡರ್ ಸಾಲುತ್ತಿಲ್ಲ. ಡಿಕೋಡ್ ಸೊನ್ನೆಯಾಗಿದ್ದು ಪ್ರೊಸೆಸರ್ 100ಕ್ಕೇರಿದ್ದರೆ ಹಾರ್ಡ್‌ವೇರ್ ಡಿಕೋಡಿಂಗ್ ಶುರುವೇ ಆಗಿಲ್ಲ. ಸಾಫ್ಟ್‌ವೇರಿನ ಸೆಟ್ಟಿಂಗ್ ಮತ್ತು ಡ್ರೈವರ್ ನೋಡಿ, ರಿಮೋಟ್ ಡೆಸ್ಕ್‌ಟಾಪ್ ಮೂಲಕ ಪರೀಕ್ಷಿಸುತ್ತಿದ್ದರೆ ಯಂತ್ರದ ಮುಂದೆಯೇ ಕೂತು ಮತ್ತೊಮ್ಮೆ ನೋಡಿ. ಡಿಕೋಡರ್, ಪ್ರೊಸೆಸರ್ ಎರಡೂ ಆರಾಮಾಗಿದ್ದು ಚಿತ್ರ ಮಾತ್ರ ತಡೆಯುತ್ತಿದ್ದರೆ ಕಾರ್ಡಿನ ಮಾತು ಬಿಟ್ಟು ನೆಟ್‌ವರ್ಕ್ ಸ್ವಿಚ್‌ನತ್ತ ಹೋಗಿ.