ಬ್ಯಾನರ್ ಅಕ್ಷರ ಹಿಂಡಬೇಡಿ, ಕಿರಿದಾದ ಫಾಂಟನ್ನೇ ಆರಿಸಿ

ಕೊಡವ ಮನೆತನಗಳ ತಂಡಗಳು ಆಡುವ ಕೌಟುಂಬಿಕ ಹಾಕಿ ಪಂದ್ಯಾವಳಿ 1997ರಲ್ಲಿ ಕೊಡಗಿನ ಕರಡದಲ್ಲಿ ಶುರುವಾಯಿತು. ಈ ಪಂದ್ಯಾವಳಿ ಬಂತೆಂದರೆ ನಾಪೋಕ್ಲು, ವಿರಾಜಪೇಟೆ ಕಡೆಯ ರಸ್ತೆಗಳಲ್ಲಿ ಬ್ಯಾನರ್‌ಗಳ ಸಾಲು. ಒಕ್ಕದ (ಮನೆತನದ) ಹೆಸರು, ಊರು, ತಾರೀಕು ಎಲ್ಲವೂ ಒಂದೇ ಸಾಲಿಗೆ ಬೇಕು, ಅದೂ ದಪ್ಪಗೆ. ಜಾಗ ಸಾಲದಿದ್ದಾಗ ಅಕ್ಷರವನ್ನು ಎರಡೂ ಬದಿಯಿಂದ ಹಿಂಡುವುದು ನಮ್ಮ ಅಭ್ಯಾಸ. ಹಿಂಡಿದರೆ ನಿಂತ ಗೆರೆಗಳು ತೆಳುವಾಗುತ್ತವೆ, ಮಲಗಿದ ಗೆರೆಗಳು ಮಾತ್ರ ದಪ್ಪವಾಗೇ ಉಳಿಯುತ್ತವೆ. ತಲೆಕಟ್ಟು ಭಾರ, ಹೊಟ್ಟೆ ಸೊರಗು. ನೋಡಲು ಚೆನ್ನಾಗಿರಲ್ಲ, ಓದಲೂ ಕಷ್ಟ.

ಹಾಗಾಗಿ ಮೊದಲು ಕಿರಿದಾಗಿಯೇ ಬರೆದ ಫಾಂಟ್ ಹುಡುಕಿ. ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುವ 'ಅನೇಕ್ ಕನ್ನಡ'ದಲ್ಲಿ ಅಗಲವನ್ನು 125ರಿಂದ 75ಕ್ಕೆ ಇಳಿಸಬಹುದು (100 ಅಂದರೆ ಸಾಧಾರಣ ಅಗಲ), ದಪ್ಪವನ್ನು 800ರವರೆಗೆ ಏರಿಸಬಹುದು (400 ಅಂದರೆ ಸಾಧಾರಣ ದಪ್ಪ). 'ನೋಟೋ ಸಾನ್ಸ್ ಕನ್ನಡ' ಇನ್ನೂ ಕಿರಿದಾಗುತ್ತದೆ, 62.5ರವರೆಗೆ. ಇಂಗ್ಲಿಷ್ ಪೋಸ್ಟರ್‌ಗಳಲ್ಲಿ ಕಾಣುವ 1965ರ 'ಇಂಪ್ಯಾಕ್ಟ್' ಫಾಂಟಿನಲ್ಲಿ ಕನ್ನಡವೇ ಇಲ್ಲ. ಅದರಲ್ಲಿ ಕನ್ನಡ ಟೈಪ್ ಮಾಡಿದರೆ ಕಂಪ್ಯೂಟರ್ ಸುಮ್ನೆ ಬೇರೆ ಫಾಂಟ್ ಎಳೆದುಕೊಳ್ಳುತ್ತದೆ. ಎರಡು ಭಾಷೆ ಬೇಕಿದ್ದರೆ ಅನೇಕ್ ಒಳ್ಳೆಯದು, ಅದರ ಕನ್ನಡ, ಇಂಗ್ಲಿಷ್ ಅಕ್ಷರ ಎರಡೂ ಒಂದೇ ಮನೆಯವು.

ಆಮೇಲೆ ದಪ್ಪ ಎಷ್ಟಿರಲಿ ಅಂತ ನೋಡಿ. ಹೆಚ್ಚು ಅಂದರೆ ಚೆಂದ ಅಂತೇನಿಲ್ಲ. ದ, ಧ ಬೇರೆಯಾಗಿ ಕಾಣುವುದು ಕೆಳಗಿನ ಒಂದು ಸಣ್ಣ ಸೀಳಿನಿಂದ. ಬ, ಭ ಕೂಡ ಹಾಗೇ. ಅಗಲ ಕಡಿಮೆಯಾಗಿ ದಪ್ಪ ಜಾಸ್ತಿಯಾದರೆ ಆ ಸೀಳು ಮುಚ್ಚಿಹೋಗುತ್ತದೆ. ಠ ಒಳಗಿನ ಚುಕ್ಕೆ ತುಂಬಿಕೊಂಡು ಅಲ್ಲೊಂದು ಮುದ್ದೆ ಕೂರುತ್ತದೆ. ಇಂಥ ಅಕ್ಷರವಿರುವ ಹೆಸರನ್ನು ಟೈಪ್ ಮಾಡಿ, ಹತ್ತು ಹೆಜ್ಜೆ ಹಿಂದೆ ನಿಂತು ಓದಿ. ಸೀಳು ಕಾಣದಿದ್ದರೆ ದಪ್ಪ ಒಂದು ಮೆಟ್ಟಿಲು ಇಳಿಸಿ.

ಸಾಲಿನ ನಡುವಿನ ಜಾಗದಲ್ಲೇ ಜಾಸ್ತಿ ಜನ ಎಡವುವುದು. ಇಂಗ್ಲಿಷ್ ದೊಡ್ಡಕ್ಷರಗಳು ಸಾಮಾನ್ಯವಾಗಿ ಗೆರೆಯಿಂದ ಕೆಳಗಿಳಿಯುವುದಿಲ್ಲ, ಒಂದರ ಮೇಲೊಂದು ಒತ್ತಿ ಕೂರಿಸಬಹುದು. ನಮಗೆ ಒತ್ತಕ್ಷರ ಇದೆಯಲ್ಲ! 'ಗೋಣಿಕೊಪ್ಪ' ಮೇಲಿನ ಸಾಲಿನಲ್ಲಿದ್ದರೆ ಅದರ ಒತ್ತು ಕೆಳಸಾಲಿನ 'ವಿರಾಜಪೇಟೆ'ಯ ಅಕ್ಷರದ ತಲೆಗೆ ಬಡಿಯುತ್ತದೆ. ಸಾಲಿನ ಅಂತರವನ್ನು ಅಕ್ಷರದ ಅಳತೆಯ 130 ಶೇಕಡಾದಿಂದ ಶುರು ಮಾಡಿ, ಕಣ್ಣಳತೆಯಲ್ಲಿ ಹೊಂದಿಸಿ. ಇಲ್ಲದಿದ್ದರೆ ಒತ್ತಿಲ್ಲದ ಹೆಸರನ್ನು ಮೇಲಿಡಿ, ಜಾಗ ಉಳಿಯುತ್ತದೆ.

ಕಿರಿದಾದ ದಪ್ಪಕ್ಷರ ಹೆಸರಿಗಷ್ಟೇ ಇರಲಿ. ಸ್ಥಳ, ಸಮಯ, ಫೋನ್ ನಂಬರ್ ಸಾಧಾರಣ ಅಗಲದಲ್ಲಿರಲಿ. ತಿರುವುಗಳೇ ತುಂಬಿದ ನಮ್ಮ ರಸ್ತೆಯಲ್ಲಿ ಜೀಪಿನವರಿಗೆ ಓದಲು ಸಿಗುವುದು ಕ್ಷಣ ಮಾತ್ರ, ಮಂಜಿದ್ದರೆ ಅದೂ ಇಲ್ಲ. ತಿಳಿ ಬಣ್ಣದ ಮೇಲೆ ಕಪ್ಪು ಅಥವಾ ಕಡುಗೆಂಪು ಸಾಕು. ನೆರಳು, ಹೊರಗೆರೆ ಬೇಡ.

ಮುದ್ರಿಸುವ ಅಂಗಡಿಗೆ ಕಳಿಸುವ ಮೊದಲು ಅಕ್ಷರಗಳನ್ನು ಕರ್ವ್ಸ್‌ಗೆ, ಅಂದರೆ ಫಾಂಟ್ ಬೇಡದ ಚಿತ್ರರೇಖೆಗಳಿಗೆ, ಬದಲಾಯಿಸಿ ಪಿಡಿಎಫ್ ಮಾಡಿ. ಅಲ್ಲಿ ಆ ಫಾಂಟ್ ಇಲ್ಲದಿದ್ದರೂ ಒತ್ತು ಕಳಚುವುದಿಲ್ಲ. ತಿದ್ದಲು ಬೇಕಾದೀತು, ಮೂಲ ಫೈಲನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ.