ಫಿಲ್ಮಾ, ಡಿಜಿಟಲ್ಲಾ? ಫೋಟೊ ಒಂದಕ್ಕೆ ಎಷ್ಟು ಬೀಳುತ್ತೆ ನೋಡಿ

ಹಳೇ ಫಿಲ್ಮ್ ಕ್ಯಾಮೆರಾ ಅಗ್ಗಕ್ಕೆ ಸಿಕ್ಕಿತು ಅಂತ ಕೊಳ್ಳೋ ಮೊದಲು ಲೆಕ್ಕ ಹಾಕಿ. ರೋಲ್‌ಗೆ 1,000, ಡೆವಲಪ್-ಸ್ಕ್ಯಾನಿಗೆ 600 ರೂ. ಅಂದುಕೊಂಡರೂ 36 ಫ್ರೇಮಿಗೆ ತಲಾ 44 ರೂ. ಬೀಳುತ್ತೆ. ತಿಂಗಳಿಗೆ ಎರಡು ರೋಲ್ ಅಂದರೆ ವರ್ಷಕ್ಕೆ 38,400. ಆ ದುಡ್ಡಲ್ಲಿ ಸೆಕೆಂಡ್‌ಹ್ಯಾಂಡ್ ಡಿಜಿಟಲ್ ಬಾಡಿ, ಲೆನ್ಸ್ ಎರಡೂ ಬಂದಾವು. ಬ್ಯಾಕಪ್‌ಗೆ ಎರಡು ಹಾರ್ಡ್‌ಡಿಸ್ಕ್ ಖರ್ಚೂ ಸೇರಿಸಿಕೊಳ್ಳಿ.

ಫಿಲ್ಮೇ ಬೇಕಾ? ಕಪ್ಪು-ಬಿಳುಪು ತಗೊಂಡು ಮನೆಯಲ್ಲೇ ಡೆವಲಪ್ ಮಾಡಿ. ಡಿ-76 ಅನ್ನೋ ಡೆವಲಪರ್ ದ್ರಾವಣಕ್ಕೆ ಅಷ್ಟೇ ನೀರು (1+1) ಬೆರೆಸಿದರೆ 300 ಎಂಎಲ್ ಟ್ಯಾಂಕಿಗೆ 150 ಎಂಎಲ್ ಸ್ಟಾಕ್, ಅಂದರೆ ನೀರು ಬೆರೆಸದ ಮೂಲ ದ್ರಾವಣ, ಸಾಕು. ಒಮ್ಮೆ ಬಳಸಿ ಚೆಲ್ಲಿಬಿಡಿ. ಉಷ್ಣತೆ 20 ಡಿಗ್ರಿ ಇರಲಿ. ನಮ್ಮ ಬೇಸಿಗೆಯ ನಲ್ಲಿ ನೀರು ಅದಕ್ಕಿಂತ ಬಿಸಿ, ಡೆವಲಪ್ ಮಾಡೋ ಸಮಯ ಕಡಿಮೆ ಮಾಡದಿದ್ದರೆ ನೆಗೆಟಿವ್ ತೀರಾ ದಟ್ಟವಾಗುತ್ತೆ. ಬಾಟಲಿಯನ್ನು ಐಸ್ ನೀರಿನ ಬಕೆಟ್ಟಿನಲ್ಲಿಟ್ಟು ತಣಿಸಿ.

ಕ್ಯಾಮೆರಾ ಕೊಳ್ಳುವಾಗ ಹಿಂಬಾಗಿಲಿನ ಫೋಮ್ ಸೀಲ್ ಮುಟ್ಟಿ ನೋಡಿ. ಜಿಗುಟಾಗಿದ್ದರೆ ಬದಲಿಸಿ, ಇಲ್ಲದಿದ್ದರೆ ಬೆಳಕು ಸೋರಿ ರೋಲ್ ಹಾಳು.