ಚಕ್ರಕ್ಕೆ ಸಿದ್ಧ ಗೇರ್‌ಬಾಕ್ಸ್, ತೋಳಿಗೆ ಪೀಣ್ಯದ ಗೇರ್: ನನ್ನ ಅನುಭವ

ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರ ರೋಬೋಟಿಕ್ಸ್ ತಂಡಕ್ಕೆ ನಾನು ಮಾರ್ಗದರ್ಶಕ. ಕಾಲೇಜು ತಂಡಗಳ ರೋಬೋಟ್ ಸ್ಪರ್ಧೆಯಾದ ರೋಬೋಕಾನ್‌ಗೆ ವಿನ್ಯಾಸ ಆರಂಭವಾದಾಗಲೆಲ್ಲ ಮೋಟರಿನ ವೇಗ ಇಳಿಸಿ ತಿರುಗಿಸುವ ಬಲ ಹೆಚ್ಚಿಸುವ ಗೇರ್‌ಬಾಕ್ಸನ್ನು ಸಿದ್ಧವಾಗಿ ಕೊಳ್ಳುವುದೋ ಮಾಡಿಸುವುದೋ ಎಂಬ ಚರ್ಚೆ ಏಳುತ್ತದೆ. ಇಡೀ ರೋಬೋಟ್‌ಗೆ ಒಂದೇ ಉತ್ತರ ಹುಡುಕದೆ, ಒಂದೊಂದು ಶಾಫ್ಟಿನ (ತಿರುಗುವ ದಂಡದ) ಮೇಲೆ ಬೀಳುವ ಭಾರವನ್ನು ಲೆಕ್ಕ ಹಾಕಿ, ಆ ಲೆಕ್ಕ ಹೇಳಿದಂತೆ ನಡೆಯುವ ಕ್ರಮವನ್ನು ನಾವು ರೂಢಿಸಿಕೊಂಡಿದ್ದೇವೆ.

ಚಕ್ರಗಳ ಲೆಕ್ಕ ಸರಳ. 127 ಮಿ.ಮೀ. ವ್ಯಾಸದ ಓಮ್ನಿ ಚಕ್ರ (ಅಡ್ಡಡ್ಡಲಾಗಿಯೂ ಸಾಗಬಲ್ಲ ಚಕ್ರ) ಸೆಕೆಂಡಿಗೆ 2 ಮೀಟರ್ ಸಾಗಬೇಕಾದರೆ ನಿಮಿಷಕ್ಕೆ ಸುಮಾರು 300 ಸುತ್ತು ತಿರುಗಬೇಕು. ಮೋಟರ್ ಭಾರ ಹೊತ್ತು 6000 ಸುತ್ತು ತಿರುಗುತ್ತದೆಂದರೆ ಬೇಕಾದ ಅನುಪಾತ 20:1. ಸಿದ್ಧ ಪ್ಲಾನೆಟರಿ ಗೇರ್‌ಮೋಟರ್‌ಗಳಲ್ಲಿ (ನಡುವಿನ ಗೇರಿನ ಸುತ್ತ ಸಣ್ಣ ಗೇರ್‌ಗಳು, ಅವುಗಳ ಹೊರಗೆ ಒಳಹಲ್ಲಿನ ರಿಂಗ್ ಗೇರ್ ಇರುವಂಥವು) ಸಿಗುವ 19.2:1 ಇದಕ್ಕೆ ಸಾಕು, ಉಳಿದ ವ್ಯತ್ಯಾಸವನ್ನು ಸುತ್ತುಗಳನ್ನು ಅಳೆಯುವ ಎನ್‌ಕೋಡರ್ ಇರುವ ನಿಯಂತ್ರಣವೇ ಸರಿದೂಗಿಸುತ್ತದೆ. ಇದನ್ನೇ ನಾವು ಮಾಡಿಸಹೊರಟರೆ ರಿಂಗ್ ಗೇರ್‌ನ ಒಳಹಲ್ಲುಗಳು ಗೇರ್ ಹಲ್ಲು ಕತ್ತರಿಸುವ ಸಾಮಾನ್ಯ ಹಾಬಿಂಗ್ ಯಂತ್ರದಲ್ಲಿ ಆಗುವುದಿಲ್ಲ, ಶೇಪಿಂಗ್ ಅಥವಾ ವೈರ್‌ಕಟ್ ಎಂಬ ಬೇರೆ ವಿಧಾನ ಬೇಕಾಗುತ್ತದೆ. ಮಾಡಿಸಿದರೆ ಕಲಿಕೆಯಾಗುತ್ತದೆ ಎಂಬ ವಿದ್ಯಾರ್ಥಿಗಳ ವಾದವನ್ನು ನಾನು ಗೌರವಿಸುತ್ತೇನೆ, ಆದರೆ ಕಾರ್ಖಾನೆಯೊಂದು ನಮಗಿಂತ ಚೆನ್ನಾಗಿ ಮಾಡಿರುವುದನ್ನು ನಾಲ್ಕು ಚಕ್ರಗಳಿಗೂ ಮತ್ತೆ ಮಾಡುವುದರಲ್ಲಿ ಕಲಿಕೆ ಕಡಿಮೆ, ಕಳೆಯುವ ವಾರಗಳು ಹೆಚ್ಚು.

ಸಿದ್ಧ ಗೇರ್‌ಬಾಕ್ಸಿನ ನಿಜವಾದ ದೌರ್ಬಲ್ಯ ಅದರ ಹಲ್ಲುಗಳಲ್ಲಿಲ್ಲ, ಹೊರಗೆ ಚಾಚಿಕೊಂಡ ಶಾಫ್ಟಿನಲ್ಲಿದೆ. ಚಕ್ರವನ್ನು ನೇರವಾಗಿ ಅದಕ್ಕೇ ಕೂರಿಸಿದರೆ ರೋಬೋಟಿನ ತೂಕವೂ, ಅಂಚಿಗೆ ತಗಲಿದಾಗಿನ ಹೊಡೆತವೂ ಶಾಫ್ಟನ್ನು ಬಗ್ಗಿಸುವ ಬಲವಾಗಿ ಒಳಗಿನ ಸಣ್ಣ ಬೇರಿಂಗಿಗೆ ಹೋಗುತ್ತದೆ. ಆದ್ದರಿಂದ ಚಕ್ರಕ್ಕೆ 12 ಮಿ.ಮೀ.ನ ಪ್ರತ್ಯೇಕ ಶಾಫ್ಟ್ ಕೊಟ್ಟು, ಅದನ್ನು ಎರಡು ಅಲ್ಯೂಮಿನಿಯಂ ಪ್ಲೇಟುಗಳಲ್ಲಿ ಕೂರಿಸಿದ 6001 ಸಂಖ್ಯೆಯ ಬೇರಿಂಗ್‌ಗಳ ನಡುವೆ ಹಿಡಿದು, ಗೇರ್‌ಮೋಟರನ್ನು ಕಪ್ಲಿಂಗ್ (ಎರಡು ಶಾಫ್ಟುಗಳನ್ನು ಕೂಡಿಸುವ ಭಾಗ) ಮೂಲಕ ಮಾತ್ರ ಜೋಡಿಸಿದೆವು. ಗೇರ್‌ಬಾಕ್ಸ್ ಈಗ ತಿರುಗಿಸುವ ಕೆಲಸವನ್ನಷ್ಟೇ ಮಾಡುತ್ತದೆ. ಸ್ಪರ್ಧೆಯ ನಡುವೆ ಕೆಟ್ಟರೆ ಚಕ್ರವನ್ನು ಮುಟ್ಟದೆ ಬದಲಾಯಿಸಬಹುದು.

ವಸ್ತುಗಳನ್ನು ಎತ್ತುವ ತೋಳಿನದು ಬೇರೆಯೇ ಸಂಗತಿ. 0.6 ಮೀಟರ್ ದೂರದಲ್ಲಿ 3 ಕಿಲೋ ಎತ್ತಲು ಸುಮಾರು 18 ನ್ಯೂಟನ್-ಮೀಟರ್ ಟಾರ್ಕ್ (ತಿರುಗಿಸುವ ಬಲ) ಬೇಕು, ಹಠಾತ್ ಚಲನೆಗೆಂದು ಅದನ್ನು ಇಮ್ಮಡಿಸಿ 35 ಎಂದು ಹಿಡಿದೆವು. ಅಷ್ಟನ್ನು ತಾನೊಂದೇ ಹೊರುವ ಸಿದ್ಧ ಗೇರ್‌ಬಾಕ್ಸ್ ನಮ್ಮ ತೂಕದ ಮಿತಿಗೂ ಹಣದ ಮಿತಿಗೂ ಹೊಂದಲಿಲ್ಲ. ಹಾಗಾಗಿ ಸಿದ್ಧ ಪ್ಲಾನೆಟರಿಯ ಮುಂದೆ 18 ಹಲ್ಲಿನ ಪಿನಿಯನ್ (ಚಿಕ್ಕ ಗೇರ್) ಮತ್ತು 72 ಹಲ್ಲಿನ ಗೇರ್ ಇರುವ, 1.5 ಮಾಡ್ಯೂಲಿನ (ಮಾಡ್ಯೂಲ್ ಎಂದರೆ ಹಲ್ಲಿನ ಗಾತ್ರದ ಅಳತೆ), 4:1 ಅನುಪಾತದ ಒಂದೇ ಒಂದು ಹಂತವನ್ನು ನಾವೇ ವಿನ್ಯಾಸ ಮಾಡಿದೆವು. 12 ಮಿ.ಮೀ. ಅಗಲದ ಹಲ್ಲಿನ ಬುಡದ ಮೇಲೆ ಬೀಳುವ ಒತ್ತಡ, ಗೇರ್ ಹಲ್ಲಿನ ಬಲದ ಲೆಕ್ಕಕ್ಕೆ ಬಳಸುವ ಲೂಯಿಸ್ ಸೂತ್ರದ ಪ್ರಕಾರ, 120 ಮೆಗಾಪಾಸ್ಕಲ್‌ಗಿಂತ ಕೊಂಚ ಕಡಿಮೆ ಬಂತು. ಇಎನ್8 ಉಕ್ಕು ಅದನ್ನು ನೆಮ್ಮದಿಯಾಗಿ ತಾಳುತ್ತದೆ. ಗೇರ್‌ನ ಒಂದು ಸುತ್ತಿಗೆ ನಾಲ್ಕು ಸಲ ತಿರುಗುವ ಪಿನಿಯನ್ ಬೇಗ ಸವೆಯುವುದರಿಂದ ಅದಕ್ಕೆ ಮಾತ್ರ ಇನ್ನೂ ಗಟ್ಟಿಯಾದ ಇಎನ್24 ಉಕ್ಕನ್ನು ಆರಿಸಿದೆವು.

ಮಾಡಿಸಿದ ಹಂತವನ್ನು ಕೊನೆಯಲ್ಲಿಟ್ಟದ್ದೇ ನಮ್ಮ ಅತ್ಯುತ್ತಮ ನಿರ್ಧಾರವೆಂದು ನಾನು ನಂಬಿದ್ದೇನೆ. ಪ್ಲಾನೆಟರಿಯ ಔಟ್‌ಪುಟ್‌ನಲ್ಲಿ 1 ಡಿಗ್ರಿ ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) ಇದ್ದು, ತೋಳನ್ನು ನೇರವಾಗಿ ಅದಕ್ಕೇ ಕಟ್ಟಿದ್ದರೆ ತುದಿ 10 ಮಿ.ಮೀ.ಗೂ ಹೆಚ್ಚು ಅಲ್ಲಾಡುತ್ತಿತ್ತು. 4:1 ಹಂತ ದಾಟಿದ ಮೇಲೆ ಅದು ಸುಮಾರು 2.6 ಮಿ.ಮೀ.ಗೆ ಇಳಿಯುತ್ತದೆ. ಕೊನೆಯ ಹಂತದ ಸಡಿಲವಾದರೋ ನಮ್ಮ ಕೈಯಲ್ಲೇ ಇದೆ: ಕೇಂದ್ರಗಳ ಅಂತರ ಲೆಕ್ಕದಂತೆ 67.5 ಮಿ.ಮೀ., ಅದಕ್ಕೆ 0.05 ಸೇರಿಸಿದರೆ ತುದಿಯಲ್ಲಿ ಹೆಚ್ಚುವ ಸಡಿಲ ಅರ್ಧ ಮಿಲಿಮೀಟರ್ ಕೂಡ ಅಲ್ಲ.

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಗೇರ್ ಕತ್ತರಿಸುವ ಸಣ್ಣ ಶೆಡ್ಡುಗಳಿಗೆ ಹೋಗುವಾಗ ಡ್ರಾಯಿಂಗಿನಲ್ಲಿ ಮಾಡ್ಯೂಲ್, ಹಲ್ಲುಗಳ ಸಂಖ್ಯೆ, 20 ಡಿಗ್ರಿ ಒತ್ತಡ ಕೋನ (ಹಲ್ಲಿನ ಓರೆ), ಬೋರ್ (ಶಾಫ್ಟ್ ಕೂರುವ ರಂಧ್ರ) ಮತ್ತು ಕೀವೇ (ಗೇರ್ ಶಾಫ್ಟಿನ ಮೇಲೆ ಜಾರದಂತೆ ಕೀಲಿ ಕೂರಿಸುವ ಸೀಳು) ಅಳತೆ ಸ್ಪಷ್ಟವಾಗಿರಬೇಕು. ಭಾರ ಹೊರುವ ಗೇರನ್ನು ಶಾಫ್ಟನ್ನು ಒತ್ತಿ ಹಿಡಿಯುವ ಸಣ್ಣ ಗ್ರಬ್ ಸ್ಕ್ರೂ ಒಂದರ ಮೇಲೆ ನಂಬಿ ಬಿಡಬಾರದು, ಕೀವೇ ಬೇಕೇ ಬೇಕು. ಅಮೆರಿಕದ ಶಾಲಾ ಸ್ಪರ್ಧೆಗಳಿಗೆಂದು ತಯಾರಾಗುವ ಗೇರ್‌ಗಳನ್ನು ತರಿಸುವವರು ಇನ್ನೊಂದು ವಿಷಯ ಗಮನಿಸಬೇಕು: ಅವುಗಳಲ್ಲಿ ಹಲವು 20 ಡಯಾಮೆಟ್ರಲ್ ಪಿಚ್‌ನವು (ವ್ಯಾಸದ ಒಂದು ಇಂಚಿಗೆ 20 ಹಲ್ಲು), ಅಂದರೆ 1.27 ಮಾಡ್ಯೂಲಿಗೆ ಸಮ; ನಮ್ಮಲ್ಲಿ ಕತ್ತರಿಸುವ 1.25 ಮಾಡ್ಯೂಲಿನ ಗೇರ್ ನೋಡಲು ಹಾಗೆಯೇ ಇದ್ದರೂ ಅವುಗಳೊಂದಿಗೆ ಸರಿಯಾಗಿ ಕೂಡುವುದಿಲ್ಲ. ಹಾಬಿಂಗ್ ಯಂತ್ರದ ಸೆಟ್ಟಿಂಗಿಗೆ ತಗಲುವ ಸಮಯ ಒಂದು ಪಿನಿಯನ್‌ಗೂ ಮೂರಕ್ಕೂ ಒಂದೇ ಆದ್ದರಿಂದ, ಬಿಡಿಯಾಗಿ ಇಟ್ಟುಕೊಳ್ಳಬೇಕಾದ ಪಿನಿಯನ್‌ಗಳನ್ನು ನಾವು ಮೊದಲ ಆರ್ಡರಿನಲ್ಲೇ ಸೇರಿಸಿ ಕೊಡುತ್ತೇವೆ.